ಹುಳಿಯ ಜಾಡು ಹಿಡಿದು: ಮೊಸೆಲ್‌ನಿಂದ ಚೆಟ್ಟಳ್ಳಿಗೆ

ಹೋದ ಜನವರಿ, ಸಂಕ್ರಾಂತಿ ಕಳೆದ ಶನಿವಾರ. ಕೊಡಗಿನ ಚೆಟ್ಟಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ, ಹೆಸರು ನೋಡದೆ ರುಚಿ ನೋಡಲೆಂದು, ಎಂಟು ವೈನ್ ಬಾಟಲಿಗಳನ್ನು ಹಳೆಯ ‘ಶಕ್ತಿ’ ಪತ್ರಿಕೆಯ ಹಾಳೆಯಲ್ಲಿ ಕುತ್ತಿಗೆಯವರೆಗೆ ಸುತ್ತಿ, ಒಂದರಿಂದ ಎಂಟರವರೆಗೆ ಅಂಕಿ ಬರೆದು ಸಾಲಾಗಿ ನಿಲ್ಲಿಸಿದ್ದೆ. ಜರ್ಮನಿಯ ಮೈಂಟ್ಸ್‌ನಿಂದ ರಜೆಗೆ ಬಂದಿದ್ದ ಮೂವರು ಗೆಳೆಯರು, ನನ್ನ ತಮ್ಮ, ಸೋದರತ್ತೆ ಮತ್ತು ನಾನು, ಒಟ್ಟು ಆರು ಮಂದಿ. ಮೊದಲ ಬಾಟಲಿಯದನ್ನು ಸುರಿದು ಗ್ಲಾಸಿಗೆ ಮೂಗು ಹಚ್ಚಿದ ಧಾರವಾಡದ ಗೆಳೆಯ, “ಇದರಾಗ ಮಸಾಲಿ ವಾಸನಿ ಬರಾಕತ್ತೈತಿ” ಅಂದ. ಅವನ ಮೂಗು ಸರಿಯಾಗಿಯೇ ಇತ್ತು. ಜಗಲಿಯ ಗೋಡೆಗೆ ಅಂಟಿಕೊಂಡೇ ನಮ್ಮ ಅಡುಗೆಮನೆ. ಅಮ್ಮ ಮಧ್ಯಾಹ್ನದ ಪಂದಿಕರಿಗೆ, ಅಂದರೆ ನಮ್ಮ ಹಂದಿಮಾಂಸದ ಸಾರಿಗೆ, ಕೊತ್ತಂಬರಿ, ಜೀರಿಗೆ, ಸಾಸಿವೆ, ಕರಿಮೆಣಸನ್ನು ಕಪ್ಪಾಗುವ ತನಕ ಹುರಿಯುತ್ತಿದ್ದಳು. ಆ ಹೊಗೆ ಇಡೀ ಜಗಲಿ ತುಂಬಿಕೊಂಡಿತ್ತು. ಎರಡು ತಿಂಗಳಿಂದ ಕೂತು ಲೆಕ್ಕ ಹಾಕಿದ್ದ ಏರ್ಪಾಡಿನಲ್ಲಿ ಇದೊಂದು ನನಗೆ ಹೊಳೆದೇ ಇರಲಿಲ್ಲ.

ಬಾಟಲಿ, ಗ್ಲಾಸು, ನೀರಿನ ಚೊಂಬು ಎಲ್ಲ ಹೊತ್ತುಕೊಂಡು ಕಾಫಿ ಕಣಕ್ಕೆ ಹೋದೆವು. ಅಲ್ಲಿ ರೊಬಸ್ಟಾ ಹಣ್ಣು ಹರಡಿತ್ತು. ಸಿಪ್ಪೆ ಸಮೇತ ಒಣಗುವ ಹಣ್ಣಿಗೆ ಮೊದಲ ಮೂರು ನಾಲ್ಕು ದಿನ ಬೆಲ್ಲದ ನೀರು ಹುಳಿತಂಥ ವಾಸನೆ ಇರುತ್ತದೆ. ಅದೂ ಆಗಲಿಲ್ಲ. ಕೊನೆಗೆ ಮನೆಯ ಬಲಗಡೆಯ ಕಿತ್ತಳೆ ಮರದ ಹತ್ತಿರ, ತೋಟದ ಕಡೆಯಿಂದ ಗಾಳಿ ಬರುವ ಜಾಗದಲ್ಲಿ ಎರಡು ಬೆಂಚು, ಒಂದು ಮೇಜು ಹಾಕಿದೆವು. ಮುಕ್ಕಾಲು ಗಂಟೆ ತಡವಾಯಿತು. ಮನೆಯಲ್ಲಿ ಯಾರಾದರೂ ಇಂಥದ್ದನ್ನು ಮಾಡುವುದಾದರೆ ವೈನ್ ಮೂಸುವ ಮೊದಲು ಜಾಗವನ್ನು ಮೂಸಿ ನೋಡಿ. ಊದುಬತ್ತಿ, ಸೆಂಟು, ಮುಡಿದ ಮಲ್ಲಿಗೆ, ಒಲೆಯ ಹೊಗೆ ಯಾವುದೂ ಹತ್ತಿರ ಬೇಡ.

ಇದಕ್ಕೆ ಬೀಜ ಬಿದ್ದದ್ದು 2024ರ ಅಕ್ಟೋಬರಿನಲ್ಲಿ. ಎಂಟು ವರ್ಷ ಮೈಂಟ್ಸ್‌ನಲ್ಲಿ ಕೆಲಸ ಮಾಡಿ, ಅಪ್ಪನಿಗೆ ತೋಟ ತಿರುಗುವುದು ಕಷ್ಟವಾಗುತ್ತಿದೆಯೆಂದು ನಾನು ಊರಿಗೆ ಹೊರಟಿದ್ದೆ. ಬಾಡಿಗೆ ಮನೆ ಬಿಡಲು ಮೂರು ತಿಂಗಳು ಮೊದಲೇ ನೋಟಿಸ್ ಕೊಟ್ಟಾಗಿತ್ತು. ಮಂಚ, ಸೈಕಲ್ಲು, ಕುಕ್ಕರು, ಮಿಕ್ಸಿ ಒಂದೊಂದಾಗಿ ಪರಿಚಯದವರ ಮನೆ ಸೇರಿದ್ದವು. ದೇಶ ಬಿಡುವವರು ನಗರಾಡಳಿತದ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಬೇಕು. ಹೊರಡಲು ಒಂದು ವಾರ ಇರುವ ತನಕ ಅದನ್ನೂ ಮಾಡಿಸುವ ಹಾಗಿಲ್ಲ. ಹಾಗಾಗಿ ಕೊನೆಯ ದಿನಗಳಲ್ಲಿ ಮನೆ ಖಾಲಿ, ಕೈಯೂ ಖಾಲಿ. ಗೋಡೆಗೆ ಒರಗಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೆ. ಭಾನುವಾರಗಳಂದು ಸೇರಿ ಬಿಸಿಬೇಳೆಬಾತ್ ಮಾಡುತ್ತಿದ್ದ ನಮ್ಮ ನಾಲ್ವರ ಗುಂಪು, “ಹೊರಡುವ ಮೊದಲು ಎಲ್ಲಾದರೂ ಹೋಗಿಬರೋಣ” ಎಂದಿತು. ಧಾರವಾಡದವನು, ಶಿವಮೊಗ್ಗದವಳು, ಮಂಗಳೂರಿನವನು, ನಾನು. ಅವರು ಪ್ಯಾರಿಸ್ ಅಂದರು. ನಾನು, ವೈನಿಗೆ ಹೆಸರಾದ ಮೊಸೆಲ್ ನದಿಯ ಕಣಿವೆ ಅಂದೆ.

ಕಾರಣವಿತ್ತು. ಬಹಳ ಹಿಂದೆ ಕೆಲಸದ ಮೇಲೆ ಟ್ರಿಯರ್‌ಗೆ ಹೋಗುವಾಗ ರೈಲಿನ ಕಿಟಕಿಯಿಂದ ಆ ನದಿಯ ಬದಿಯ ಇಳಿಜಾರುಗಳನ್ನು ಕಂಡಿದ್ದೆ. ಮನುಷ್ಯ ನಿಲ್ಲಲಾಗದಂಥ ಕಡಿದಾದ ಬೆಟ್ಟಕ್ಕೆ ದ್ರಾಕ್ಷಿ ನೆಟ್ಟು, ಅದರ ನಡುವೆ ಸೊಂಟ ಬಗ್ಗಿಸಿ ದುಡಿಯುತ್ತಿದ್ದವರನ್ನು ನೋಡಿ ನಮ್ಮ ತೋಟದ ಕೆಳಗಿನ ಪಟ್ಟಿ ಕಣ್ಣಿಗೆ ಕಟ್ಟಿತ್ತು. ಎಂಟು ವರ್ಷವೂ ಹೋಗಬೇಕು ಎಂದುಕೊಂಡೇ ಹೋಗದೆ ಉಳಿದಿದ್ದೆ.

ಆಗ ತಿಂಗಳಿಗೆ 49 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ಇತ್ತು. ಅದರಲ್ಲೇ ದೇಶದ ಎಲ್ಲ ಪ್ಯಾಸೆಂಜರ್ ರೈಲು ಹತ್ತಬಹುದು. ಮೈಂಟ್ಸ್‌ನಿಂದ ರೈನ್ ನದಿಯ ದಂಡೆಗುಂಟ ಕೋಬ್ಲೆಂಟ್ಸ್, ಅಲ್ಲಿಂದ ಮೊಸೆಲ್ ದಂಡೆಗುಂಟ ಬುಲ್ಲಾಯ್. ಬುಲ್ಲಾಯ್‌ನಲ್ಲಿ 1878ರ ಸೇತುವೆಯೊಂದಿದೆ. ಮೇಲೆ ರೈಲು, ಅದರ ಹೊಟ್ಟೆಯೊಳಗೆ ರಸ್ತೆ. ಅಲ್ಲಿ ಪುಟ್ಟ ರೈಲು ಬದಲಿಸಿ ಟ್ರಾಬೆನ್-ಟ್ರಾರ್ಬಾಖ್ ತಲುಪಿದೆವು. ಎರಡು ರಾತ್ರಿ ಅಲ್ಲಿ. ಕಾರು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ರುಚಿ ನೋಡಲು ಹೋಗುವವರಲ್ಲಿ ಒಬ್ಬ ಮಾತ್ರ ಗುಟುಕು ಮುಟ್ಟದೆ ಕೂರುವುದು ಅನ್ಯಾಯ.

ದ್ರಾಕ್ಷಿ ಕೊಯ್ಲಿನ ಕಾಲ. ನಾವು ಹೋದ, ವೈನ್ ಮಾಡುವ ಮನೆತನದವರು ತಮ್ಮ ತೋಟಕ್ಕೆ ಕರೆದುಕೊಂಡು ಹೋದರು. ಸುಮಾರು ಅರುವತ್ತು ದಾಟಿದ ಹೆಂಗಸು, ಮಗನ ಜೊತೆ ಸೇರಿ ನಡೆಸುತ್ತಿದ್ದರು. ಕಾಲಿಟ್ಟರೆ ಜಾರುವ ಕಪ್ಪು ಪದರಗಲ್ಲು, ಸ್ಲೇಟು. ನಾವು ಒಂದನೇ ಕ್ಲಾಸಿನಲ್ಲಿ ಬಳಪದಿಂದ ಬರೆಯುತ್ತಿದ್ದೆವಲ್ಲ, ಅದೇ ಕಲ್ಲು. ಹಗಲು ಬಿಸಿಲು ಹೀರಿ ಇಟ್ಟುಕೊಂಡು ರಾತ್ರಿ ಅದನ್ನು ಬೇರಿಗೂ ಗೊನೆಗೂ ವಾಪಸು ಕೊಡುತ್ತದೆ. ಅಷ್ಟು ಉತ್ತರದ ಚಳಿಯಲ್ಲಿ ದ್ರಾಕ್ಷಿ ಹಣ್ಣಾಗುವುದು ಈ ಕಲ್ಲಿನ ಬಿಸಿಯಿಂದ, ನದಿಯ ಕಡೆಗಿನ ಇಳಿಜಾರಿನಿಂದ. ಹಳೆಯ ತೋಟಗಳಲ್ಲಿ ತಂತಿ ಎಳೆಯುವುದಿಲ್ಲ. ಪ್ರತಿ ಬಳ್ಳಿಗೂ ಒಂದೊಂದು ಗೂಟ. ಎರಡು ಕೊಂಬೆಗಳನ್ನು ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ ಗೂಟದ ಬುಡಕ್ಕೆ ಕಟ್ಟುತ್ತಾರೆ. ದೂರದಿಂದ ನೋಡಿದರೆ ಹೃದಯದ ಆಕಾರ. ನಾನು ಒಂದು ಕಟ್ಟನ್ನು ಮುಟ್ಟಿ ನೋಡಿದೆ. ನಮ್ಮಲ್ಲಿ ಹಾಲುವಾಣದ ಮರಕ್ಕೆ ಮೆಣಸಿನ ಬಳ್ಳಿ ಕಟ್ಟುವಾಗ ಗಂಟು ಬಿಗಿಯದ ಹಾಗೆ ಒಂದು ಬೆರಳು ಸಡಿಲ ಬಿಡುತ್ತೇವೆ. ಅಲ್ಲಿಯೂ ಅಷ್ಟೇ ಸಡಿಲವಿತ್ತು.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಬಿದ್ದ ಹಿಮ ಮೊಸೆಲ್‌ನ ಎಷ್ಟೋ ತೋಟಗಳ ಚಿಗುರನ್ನು ಸುಟ್ಟುಹಾಕಿತ್ತು. ಆ ತಾಯಿ ಖಾಲಿ ಬಳ್ಳಿಗಳನ್ನು ತೋರಿಸುತ್ತ ಹೆಚ್ಚು ಮಾತಾಡಲಿಲ್ಲ. ಕಾಫಿ ಹೂ ಅರಳಲು ಬೇಕಾದ ಹೂ ಮಳೆ ಕೈಕೊಟ್ಟ ವರ್ಷ ಅಪ್ಪ ಗಿಡಗಳ ನಡುವೆ ನಡೆಯುವುದು ಹೀಗೆಯೇ, ಕೈ ಹಿಂದೆ ಕಟ್ಟಿಕೊಂಡು. ನಾನು ಅದನ್ನು ನನ್ನ ಮುರುಕು ಜರ್ಮನ್‌ನಲ್ಲಿ ಹೇಳಿದೆ. ಆಕೆ ನನ್ನ ಭುಜದ ಮೇಲೆ ಕೈ ಇಟ್ಟು, ಎಷ್ಟು ಎಕರೆ, ಎಷ್ಟು ಮಳೆ, ಕೆಲಸಕ್ಕೆ ಜನ ಸಿಗುತ್ತಾರಾ ಎಂದು ಒಂದರ ಮೇಲೊಂದು ಕೇಳತೊಡಗಿದರು.

ಮೊದಲ ದಿನದ ರುಚಿ ನೋಟವನ್ನು ನಾನು ಹಾಳುಮಾಡಿಕೊಂಡೆ. ಬೆಳಿಗ್ಗೆ ಬರೀ ಬ್ರೆಡ್ ತಿಂದು ಹೋಗಿದ್ದೆ, ಪ್ರತಿಯೊಂದನ್ನೂ ನುಂಗಿದೆ. ನಾಲ್ಕನೆಯ ಗ್ಲಾಸಿನ ಹೊತ್ತಿಗೆ ಎಲ್ಲವೂ ಚೆನ್ನಾಗಿದೆ ಅನ್ನಿಸತೊಡಗಿತು. ಎಲ್ಲವೂ ಚೆನ್ನಾಗಿದೆ ಅನ್ನಿಸಿದರೆ ಅಲ್ಲಿಗೆ ನಾಲಿಗೆಯ ಕೆಲಸ ಮುಗಿಯಿತು. ಇನ್ನೊಂದು ತಪ್ಪೆಂದರೆ, ಫೋನಿನಲ್ಲಿ ಓದಿಕೊಂಡು ಹೋಗಿದ್ದ ಮಾತುಗಳನ್ನೇ ಗ್ಲಾಸಿನಲ್ಲಿ ಹುಡುಕುತ್ತಿದ್ದೆ. ಎಲ್ಡರ್ ಹೂ, ಹನಿಸಕಲ್, ಕ್ವಿನ್ಸ್ ಹಣ್ಣು. ಇವುಗಳಲ್ಲಿ ಒಂದನ್ನೂ ನಾನು ಜೀವಮಾನದಲ್ಲಿ ಮೂಸಿದವಳಲ್ಲ. ಮೂಸದ ಹೂವನ್ನು ಗ್ಲಾಸಿನೊಳಗೆ ಹುಡುಕಿದರೆ ಸಿಗುವುದಾದರೂ ಹೇಗೆ?

ಎರಡನೆಯ ದಿನ ಆಕೆ ಹಳೆಯದೊಂದು ಬಾಟಲಿ ತೆರೆದರು. 2005ರ ರೀಸ್ಲಿಂಗ್. ರೀಸ್ಲಿಂಗ್ ಅಂದರೆ ಆ ಕಣಿವೆಯ ಮುಖ್ಯ ಬಿಳಿ ದ್ರಾಕ್ಷಿ. ಅದರ ಹೆಸರು ಮೊದಲ ಸಲ ಕಾಣಿಸುವುದು 1435ರ ಒಂದು ದಾಖಲೆಯಲ್ಲಿ, ರುಸೆಲ್ಸ್‌ಹೈಮ್ ಎಂಬ ಊರಿನಲ್ಲಿ. ಮಂಗಳೂರಿನವನು ಐದು ವರ್ಷ ದಿನಾ ಕೆಲಸಕ್ಕೆ ಹೋಗಿಬರುತ್ತಿದ್ದ ಊರು ಅದು! ಅವನಿಗೆ ತಡೆಯಲಾರದಷ್ಟು ಖುಷಿಯಾಯಿತು. ಆಕೆ ಆ ಹಳೆಯದನ್ನು ಸುರಿದು ಸುಮ್ಮನೆ ಕೂತರು. ನಾವು ಮೂಸಿದೆವು. ಯಾರೂ ಬಾಯಿ ಬಿಡಲಿಲ್ಲ. ಆಗ ಆಕೆ, “ನಿಮ್ಮ ಊರಿನಲ್ಲಿ ಈ ವಾಸನೆ ಎಲ್ಲಿ ಬರುತ್ತದೆ?” ಎಂದು ಕೇಳಿದರು.

“ಸೀಮೆಎಣ್ಣೆ” ಅಂದೆ.

ಬಾಯಿಂದ ತಾನಾಗಿ ಬಂದ ಮಾತು. ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ವಾರಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಸಂಜೆ ಅಜ್ಜಿ ಲಾಟೀನಿನ ಗಾಜು ಒರೆಸಿ, ಬುರುಡೆಗೆ ಸೀಮೆಎಣ್ಣೆ ತುಂಬಿ, ಬತ್ತಿ ಕತ್ತರಿಸಿ ಹಚ್ಚುವಾಗ ಬರುತ್ತಿದ್ದ ವಾಸನೆ. ಒದ್ದೆ ಗೋಡೆ, ಒಣಗದ ಬಟ್ಟೆ, ಲಾಟೀನು. ಆ ಗ್ಲಾಸಿನೊಳಗೆ ಅದಿತ್ತು, ಅದರ ಹಿಂದೆಯೇ ಜೇನು, ಅದರ ಹಿಂದೆ ಹೇರಳೆಕಾಯಿಯ ಸಿಪ್ಪೆ. ಶಿವಮೊಗ್ಗದವಳು “ಹೌದೇ, ರೇಷನ್ ಸೀಮೆಎಣ್ಣೆ!” ಎಂದು ಕಣ್ಣರಳಿಸಿದಳು. ಆ ತಾಯಿಗೆ ವಿವರಿಸಿ ಹೇಳಿದಾಗ ನಕ್ಕು ತಲೆಯಾಡಿಸಿದರು. ಅವರು ಪೆಟ್ರೋಲ್ ಅನ್ನುತ್ತಾರಂತೆ. ದ್ರಾಕ್ಷಿಯಲ್ಲಿರುವ ಕ್ಯಾರೊಟಿನ್ ಬಗೆಯ ಅಂಶಗಳು ವರ್ಷಗಳು ಕಳೆದಂತೆ ಒಡೆದು ಟಿಡಿಎನ್ ಎಂಬ ವಸ್ತು ಹುಟ್ಟುತ್ತದೆ, ಅದರ ವಾಸನೆ ಇದು. ಬಿಸಿಲು ಚೆನ್ನಾಗಿ ಬಿದ್ದ ಹಣ್ಣಿನಲ್ಲಿ, ಹಳತಾದ ರೀಸ್ಲಿಂಗ್‌ನಲ್ಲಿ ಎದ್ದು ಕಾಣುತ್ತದೆ.

ಅಲ್ಲಿಂದ ಮುಂದೆ ನಮಗೆ ಯಾರ ಮಾತಿನ ಹಂಗೂ ಬೇಕಾಗಲಿಲ್ಲ. ಶಿವಮೊಗ್ಗದವಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಕನ್ನಡದಲ್ಲೇ ಬರೆಯತೊಡಗಿದಳು. ಮೊದಲ ಮಳೆಗೆ ಒದ್ದೆಯಾದ ಕಲ್ಲು. ಎಳೆ ಮಾವಿನಕಾಯಿಯ ಸೊನೆ. ಮುರಿದ ನಿಂಬೆ ಎಲೆ. ಪಂಚಾಮೃತದ ಬಾಳೆಹಣ್ಣು. ಕೆಂಪು ವೈನ್ ಒಂದನ್ನು ಕುಡಿದು ಮಂಗಳೂರಿನವನು “ಇದರಲ್ಲಿ ಅಡಿಕೆಯ ಚೊಗರು ಉಂಟು ಮಾರಾಯ್ತಿ” ಅಂದ. ಟ್ಯಾನಿನ್ ಎಂದು ಪುಸ್ತಕಗಳು ಪುಟಗಟ್ಟಲೆ ಬರೆಯುವುದು ಇದನ್ನೇ. ಚೊಗರು, ಒಗರು ಎಂಬ ಎರಡು ಮಾತು ನಮ್ಮಲ್ಲಿ ಮೊದಲಿಂದ ಇವೆ, ನೆಲ್ಲಿಕಾಯಿ, ನೇರಳೆಹಣ್ಣು, ಎಳೆ ಅಡಿಕೆ ತಿಂದ ಪ್ರತಿ ಮಗುವಿಗೂ ಅದರ ಅರ್ಥ ಗೊತ್ತು.

ಆದರೆ ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಹುಳಿ. ಅಲ್ಲಿ ಕಾಬಿನೆಟ್ ಎಂಬ ಹಗುರ ಬಗೆಯಿದೆ. ಆಲ್ಕೋಹಾಲ್ ನೂರಕ್ಕೆ ಎಂಟರ ಆಸುಪಾಸು. ಲೀಟರಿಗೆ 40 ಗ್ರಾಂ ದಾಟಿದ ಸಕ್ಕರೆ ಉಳಿದಿದ್ದರೂ ಬಾಯಲ್ಲಿ ಶರಬತ್ತಿನಂತೆ ಅಂಟುವುದಿಲ್ಲ. ನುಂಗಿದ ಮೇಲೆ ಬಾಯಿ ಮತ್ತೆ ಶುಚಿ, ಇನ್ನೊಂದು ಗುಟುಕಿಗೆ ತಯಾರು. ಯಾಕೆಂದರೆ ಅದರ ಹುಳಿ ಅಷ್ಟು ಗಟ್ಟಿ. ಗುಟುಕು ಉಗಿದ ಮೇಲೆ ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ಕಾಯಿರಿ ಎಂದು ಆಕೆ ಹೇಳಿಕೊಟ್ಟರು. ಕೆನ್ನೆಯ ಒಳಗಿಂದ ಜೊಲ್ಲು ಎಷ್ಟು ಬೇಗ, ಎಷ್ಟು ಹೊತ್ತು ಒಸರುತ್ತದೆ ಎಂಬುದೇ ಹುಳಿಯ ಅಳತೆ. ಧಾರವಾಡದವನು “ಹುಣಸಿಹಣ್ಣ ನೆನಸಿಕೊಂಡಂಗಾತು ನೋಡವಾ” ಅಂದ. ನನಗೆ ನೆನಪಾದದ್ದು ಕಾಚಂಪುಳಿ.

ಕೊಡಗಿನ ಹೊರಗಿನವರಿಗಾಗಿ ಎರಡು ಮಾತು. ಮಳೆಗಾಲದಲ್ಲಿ ಉದುರುವ ಕಾಚಂಪುಳಿ ಹಣ್ಣನ್ನು ಬುಟ್ಟಿಯಲ್ಲಿ ಹಾಕಿ, ಕೆಳಗೆ ಪಾತ್ರೆಯಿಟ್ಟು ರಸ ಇಳಿಯಲು ಬಿಡುತ್ತೇವೆ. ಆ ರಸವನ್ನು ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಬತ್ತಿಸಿದರೆ ಕಪ್ಪು, ಮಂದ, ವರ್ಷಗಟ್ಟಲೆ ಕೆಡದ ಹುಳಿ. ಪಂದಿಕರಿಗೆ ಕೊನೆಯಲ್ಲಿ ಒಂದು ಚಮಚ ಬೀಳದಿದ್ದರೆ ಅದು ಬರೀ ಮಸಾಲೆ ಹಾಕಿದ ಕೊಬ್ಬು. ಕೊಬ್ಬನ್ನು, ಖಾರವನ್ನು ಹುಳಿ ಎತ್ತಿ ಹಿಡಿಯುತ್ತದೆ ಎಂಬುದನ್ನು ನನ್ನ ನಾಲಿಗೆ ಹುಟ್ಟಿದಾಗಿಂದ ಬಲ್ಲದು. ವೈನ್ ವಿಷಯದಲ್ಲಿ ಎಂಟು ವರ್ಷ ನಾನು ಬಣ್ಣ, ಬೆಲೆ, ಲೇಬಲ್ಲು ನೋಡಿಕೊಂಡಿದ್ದೆ. ಹುಳಿಯಿಂದ ಶುರುಮಾಡಬಹುದು ಎಂದು ತಿಳಿದದ್ದು ಹೊರಡಲು ಹನ್ನೆರಡು ದಿನ ಇದ್ದಾಗ.

ಆ ರಾತ್ರಿ ಬಾಗಿಲಿಗೆ ಪೊರಕೆ ಕಟ್ಟಿದ್ದ ಮನೆಯೊಂದರಲ್ಲಿ ಊಟ ಮಾಡಿದೆವು. ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು, ನಲವತ್ತು ಜನ ಕೂರುವಷ್ಟು ಜಾಗದಲ್ಲಿ ತಮ್ಮದೇ ವೈನನ್ನು ಮನೆಯಲ್ಲೇ ಬಡಿಸುವ ಪದ್ಧತಿ ಅಲ್ಲಿದೆ. ಪೊರಕೆಯೋ ಹೂಗೊಂಚಲೋ ತೂಗಿದ್ದರೆ ಬಾಗಿಲು ತೆರೆದಿದೆ ಎಂದರ್ಥ. ಈರುಳ್ಳಿಯ ಬಿಸಿ ಕಡುಬಿನಂಥ ತಿಂಡಿ, ಜೊತೆಗೆ ಇನ್ನೂ ಹುದುಗುತ್ತಿದ್ದ ಹೊಸ ವೈನ್. ಮಸುಕಾಗಿ, ನೊರೆನೊರೆಯಾಗಿತ್ತು. ಮುಚ್ಚಳ ಬಿಗಿ ಮಾಡಿದರೆ ಬಾಟಲಿ ಸಿಡಿಯುತ್ತದೆಂದು ಸಡಿಲವಾಗಿ ಮುಚ್ಚಿ ಮಾರುತ್ತಾರೆ. ಮಂಗಳೂರಿನವನು ಒಂದು ಗುಟುಕಿಗೇ ಅದನ್ನು ಕಳ್ಳಿನ ಪಕ್ಕ ಕೂರಿಸಿದ. ಊಟ ಮುಗಿಸಿ ಸೇತುವೆಯ ಮೇಲೆ ನಿಂತೆವು. ನದಿಯ ಮೇಲೆ ಮಂಜು ಕೂತಿತ್ತು. ಶಿವಮೊಗ್ಗದವಳು ನೋಟ್‌ಬುಕ್ಕನ್ನು ನನ್ನ ಕೋಟಿನ ಜೇಬಿಗೆ ತುರುಕಿ, “ಊರಲ್ಲಿ ಮುಂದುವರಿಸು, ನಾವು ಸಂಕ್ರಾಂತಿಗೆ ಬರ್ತೀವಿ” ಅಂದಳು. ನನಗೆ ಮಾತು ಹೊರಡಲಿಲ್ಲ. ಪರದೇಶದಲ್ಲಿ ಜ್ವರ ಬಂದಾಗ ಗಂಜಿ ತಂದುಕೊಟ್ಟವರನ್ನು ಬಿಟ್ಟು ಬರುವುದು ಮನೆ ಖಾಲಿ ಮಾಡಿದಷ್ಟು ಸುಲಭವಲ್ಲ.

ನವೆಂಬರಿನಲ್ಲಿ ಊರಿಗೆ ಬಂದೆ. ಬಂದವಳಿಗೆ ಅರೇಬಿಕಾ ಕೊಯ್ಲು, ಕೂಲಿ ಲೆಕ್ಕ, ಪಲ್ಪರ್ ರಿಪೇರಿ. ಆದರೂ ನೋಟ್‌ಬುಕ್ ಮೇಜಿನ ಮೇಲೆಯೇ ಇತ್ತು.

ಬಾಟಲಿ ತರುವ ಲೆಕ್ಕ ಸುಲಭ. ವಿದೇಶದಿಂದ ಬರುವ ಒಬ್ಬರು ಸುಂಕವಿಲ್ಲದೆ ಎರಡು ಲೀಟರ್ ತರಬಹುದು, 750 ಮಿ.ಲೀ.ನ ಎರಡು ಬಾಟಲಿ ಅದರೊಳಗೆ ಕೂರುತ್ತವೆ. ಮೂವರಿಂದ ಆರು ಬಾಟಲಿ, ಬಿಲ್ಲು ಸಮೇತ. ಪ್ರತಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸ್ವೆಟರಿನಲ್ಲಿ ಸುತ್ತಿ, ಸೂಟ್‌ಕೇಸಿನ ನಟ್ಟನಡುವೆ, ಸುತ್ತ ಬಟ್ಟೆ. ಬೆಂಗಳೂರಿನಿಂದ ಇಲ್ಲಿಗೆ ಬರುವಾಗ ಡಿಕ್ಕಿಯಲ್ಲಿಡದೆ ಕಾಲ ಬಳಿ ಇಟ್ಟುಕೊಂಡು ಬಂದರು. ಮಧ್ಯಾಹ್ನದ ಡಿಕ್ಕಿ ಒಲೆಯ ಹಾಗೆ ಕಾಯುತ್ತದೆ. ಬಂದ ಮೇಲೆ ಎರಡು ದಿನ ಅಟ್ಟದ ಕತ್ತಲಲ್ಲಿ ವಿಶ್ರಾಂತಿ. ಏಳನೆಯದು ಬೆಂಗಳೂರಿನಲ್ಲಿ ಕೊಂಡ ನಂದಿ ಬೆಟ್ಟದ ಕಡೆಯ ಒಂದು ಕೆಂಪು ವೈನ್. ಎಂಟನೆಯದು ಅತ್ತೆಯ ಪ್ಯಾಷನ್ ಫ್ರೂಟ್ ವೈನ್.

ಗ್ಲಾಸಿನ ವಿಷಯದಲ್ಲಿ ಒಂದು ಪಾಠ ಕಲಿತೆ. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ಅಗಲ ಬಾಯಿಯಿಂದ ಪರಿಮಳ ಹಾರಿಹೋಗುತ್ತದೆ. ಮೈಸೂರಿನಿಂದ ಬಾಯಿ ಕಿರಿದಾದ ಸಾಧಾರಣ ಗ್ಲಾಸುಗಳನ್ನು ತಂದು ಬೀರುವಿನಲ್ಲಿ ಬೋರಲು ಇಟ್ಟಿದ್ದೆ. ಹಿಂದಿನ ದಿನ ಒಂದನ್ನು ಮೂಸಿದರೆ ನುಸಿಗುಳಿಗೆ! ಎಲ್ಲವನ್ನೂ ಸೋಪಿಲ್ಲದೆ ಬಿಸಿ ನೀರಿನಲ್ಲಿ ತೊಳೆದು ರಾತ್ರಿಯಿಡೀ ಬಯಲಿಗೆ ಇಟ್ಟೆ. ಉಗಿಯಲು ಅಜ್ಜಿಯ ಕಾಲದ ಹಿತ್ತಾಳೆಯ ಪೀಕದಾನಿ ಅಟ್ಟದಿಂದ ಇಳಿಯಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಫಳಫಳ ಹೊಳೆಯುತ್ತಿತ್ತು.

ಒಬ್ಬರಿಗೆ 50 ಮಿ.ಲೀ. ಎಂಟು ಬಾಟಲಿ ಅಂದರೆ 400. ಅಷ್ಟನ್ನೂ ನುಂಗಿದರೆ ಅರ್ಧ ಬಾಟಲಿಗಿಂತ ಹೆಚ್ಚು, ಹಾಗಾಗಿ ಪೀಕದಾನಿ ಬರೀ ಅಲಂಕಾರಕ್ಕಲ್ಲ. ಬಿಳಿಯದು ಮೊದಲು, ಕೆಂಪು ಆಮೇಲೆ, ಸಿಹಿ ಕೊನೆಗೆ. ನಡುನಡುವೆ ನೀರು, ಉಪ್ಪು ಹಾಕದ ಕಡಂಬುಟ್ಟಿನ, ಅಂದರೆ ಅಕ್ಕಿತರಿಯ ಉಂಡೆಕಡುಬಿನ, ಚೂರು. ಜನವರಿಯ ನಮ್ಮ ರಾತ್ರಿಗಳು ಫ್ರಿಜ್ಜಿನ ಕೆಲಸವನ್ನು ಅರ್ಧ ಮಾಡಿಕೊಡುತ್ತವೆ. ಹಿಂದಿನ ಸಂಜೆಯೇ ಬಿಳಿ ಬಾಟಲಿಗಳನ್ನು ಹೊರಗಿನ ತೊಟ್ಟಿಯ ನೀರಿನಲ್ಲಿ ನಿಲ್ಲಿಸಿದ್ದೆ. ಬೆಳಿಗ್ಗೆ ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗಿದ್ದವು.

ನನ್ನ ತಮ್ಮ ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ಕಲಿತವನು. 150 ಮಿ.ಲೀ. ಬಿಸಿ ನೀರಿಗೆ ಎಂಟೂಕಾಲು ಗ್ರಾಂ ಪುಡಿ, ನಾಲ್ಕು ನಿಮಿಷ ಕಾದು, ಮೇಲಿನ ಕೆನೆ ಒಡೆದು ಮೂಸಿ, ಚಮಚದಿಂದ ಸುರ್ರೆಂದು ಗಾಳಿಯ ಜೊತೆ ಎಳೆದು, ಉಗಿಯುವುದು. ಅವನು ವೈನನ್ನೂ ಹಾಗೆಯೇ ಎಳೆದ, ಯಾರೂ ಹೇಳಿಕೊಡಬೇಕಾಗಲಿಲ್ಲ. ಗಾಳಿಯ ಜೊತೆ ಎಳೆದಾಗ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ, ಅರ್ಧ ರುಚಿ ಅಲ್ಲೇ ಇರುವುದು. ತೋಟವಿರುವ ಕೊಡಗಿನ ಎಷ್ಟೋ ಹುಡುಗರಿಗೆ ಈ ಕೈವಶ ಆಗಲೇ ಇದೆ, ವೈನಿನ ಮುಂದೆ ಅವರು ಹಿಂಜರಿಯಬೇಕಾದ್ದಿಲ್ಲ.

ಅತ್ತೆ ಗ್ಲಾಸು ಮುಟ್ಟಲೇ ಇಲ್ಲ. ಕೈ ಮುಂದೆ ಚಾಚಿ, ಮುಷ್ಟಿ ಕಟ್ಟಿ, ಹೆಬ್ಬೆರಳ ಬುಡದ ಮೇಲೆ ಎರಡು ತೊಟ್ಟು ಹಾಕು ಅಂದರು. ಒಲೆಯ ಮುಂದೆ ಕೂತು ಕಾಚಂಪುಳಿ ಬತ್ತಿಸುವಾಗ ಪಾಕ ಬಂತಾ ಎಂದು ನೋಡುವುದು ಅವರು ಹಾಗೆ. ಮೊದಲು ಆ ಎರಡು ತೊಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅದು ಚರ್ಮದ ಮೇಲೆ ಹರಿಯುವ ಬಗೆ ನೋಡಿದರು. ನೀರಿನಂತೆ ಓಡುತ್ತದೋ, ನಿಧಾನಕ್ಕೆ ಜಾರುತ್ತದೋ. ಆಮೇಲೆ ಮೂಸಿದರು. ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಎರಡನೆಯ ಬಾಟಲಿಗೆ, ಅದು ಕಾಬಿನೆಟ್, ಅವರು ಕಣ್ಣು ತೆರೆದು, “ಎಂತ ಮಗಾ, ಇದಕ್ಕೆ ಕಾಚಂಪುಳಿ ಹಾಕಿದ್ದಾರಾ?” ಎಂದು ಕೇಳಿದರು.

ಶಿವಮೊಗ್ಗದವಳು ನೋಟ್‌ಬುಕ್ ತೆಗೆದು ಅಕ್ಟೋಬರಿನ ಪುಟ ತೋರಿಸಿದಳು. ಅದೇ ವೈನಿನ ಎದುರಿಗೆ ನನ್ನ ಅಕ್ಷರದಲ್ಲಿ ಅದೇ ಪದವಿತ್ತು.

ಎಂಟನೆಯ ಬಾಟಲಿಯ ಹೊತ್ತಿಗೆ ನನಗೆ ಒಳಗೊಳಗೇ ಅಳುಕು. ಅತ್ತೆ ಮೂವತ್ತು ವರ್ಷದಿಂದ ವೈನ್ ಮಾಡುತ್ತಾರೆ, ಮನೆಗೆ ಮತ್ತು ನೆಂಟರಿಗೆ ಮಾತ್ರ. ಮಾರುವುದಕ್ಕೆ ಅಬಕಾರಿ ಪರವಾನಗಿ ಬೇಕು, ಆ ಗೋಜಿಗೆ ಅವರು ಹೋಗಿಲ್ಲ. ಕೊಡಗಿನ ಮಳೆಗೆ, ಆ ತೇವಕ್ಕೆ ದ್ರಾಕ್ಷಿ ಬಳ್ಳಿ ಬೂಷ್ಟು ಹಿಡಿದು ಸೋಲುತ್ತದೆ, ಹಣ್ಣನ್ನು ಬಯಲುಸೀಮೆಯಿಂದ ತರಿಸಬೇಕು. ಹಾಗಾಗಿ ಅವರ ಕೈ ಪಳಗಿದ್ದು ಬೇಲಿಯ ಪ್ಯಾಷನ್ ಫ್ರೂಟಿನಲ್ಲಿ. ನಮ್ಮ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ನೇರಳೆ ಮತ್ತು ಹಳದಿ ಬಗೆಗಳನ್ನು ಕೂಡಿಸಿ ಮಾಡಿದ ‘ಕಾವೇರಿ’ ಎಂಬ ತಳಿ ಅದು. ಗಂಟಲು ಹಿಂಡುವಷ್ಟು ಹುಳಿ, ಕೋಣೆ ತುಂಬುವ ಪರಿಮಳ.

ಧಾರವಾಡದವನು ಕಾಗದ ಬಿಚ್ಚುವ ಮೊದಲೇ, “ಇದರ ವಾಸನಿ ಎಲ್ಲಾದಕ್ಕಿಂತ ಚಂದ ಐತಿ” ಅಂದ. ನಿಜ. ಆದರೆ ಬಾಯಲ್ಲಿ ಸಿಹಿ ಮುಂದೆ ಬಂದು ಹುಳಿಯನ್ನು ಮುಚ್ಚಿತ್ತು, ಕೊನೆಗೆ ಹಸಿ ಬ್ರೆಡ್ಡಿನ ಹಿಟ್ಟಿನಂಥ ವಾಸನೆ ಉಳಿಯುತ್ತಿತ್ತು. ಇದನ್ನು ಹೇಳಲೋ ಬೇಡವೋ ಎಂದು ನಾನು ಸುಮ್ಮನಿದ್ದೆ. ಅತ್ತೆಯೇ ನನ್ನನ್ನು ನೋಡಿ, “ಬಾಯಿಬಿಟ್ಟು ಹೇಳು. ಹೊಗಳಿಸಿಕೊಳ್ಳಲಿಕ್ಕೆ ನಾನು ಕೂತದ್ದಲ್ಲ” ಅಂದರು. ಹೇಳಿದೆ. ಅವರು ಇನ್ನೆರಡು ತೊಟ್ಟು ಕೈ ಮೇಲೆ ಹಾಕಿಸಿಕೊಂಡು ಮತ್ತೆ ರುಚಿ ನೋಡಿ, “ಸಕ್ಕರೆ ಹೆಚ್ಚಾಯ್ತು” ಅಂದರು.

ಲೆಕ್ಕ ಹಾಕಿದೆವು. ಅತ್ತೆ ಒಂದು ಕಿಲೋ ತಿರುಳಿಗೆ ಒಂದು ಕಿಲೋ ಸಕ್ಕರೆ, ಎರಡು ಲೀಟರ್ ಕುದಿಸಿ ಆರಿಸಿದ ನೀರು ಹಾಕುತ್ತಿದ್ದರು. ಅಲ್ಲಿಗೆ ಲೀಟರಿಗೆ 300 ಗ್ರಾಂ ಹತ್ತಿರ ಸಕ್ಕರೆ, ಹಣ್ಣಿನದ್ದು ಬೇರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಒಂದು ಶೇಕಡಾ ಆಲ್ಕೋಹಾಲ್ ಆಗುತ್ತದೆ. ಅಷ್ಟನ್ನೂ ತಿಂದು ಮುಗಿಸುವ ತ್ರಾಣ ಬ್ರೆಡ್ಡಿನ ಯೀಸ್ಟಿಗಿಲ್ಲ. ನಡುವೆಯೇ ಸೋತು ನಿಲ್ಲುತ್ತದೆ, ಸಕ್ಕರೆ ಹಾಗೆಯೇ ಉಳಿಯುತ್ತದೆ. ಆ ಉಳಿದ ಸಕ್ಕರೆ ಬಾಟಲಿಗೆ ಹೋದ ಮೇಲೆ ಮತ್ತೆ ಹುದುಗಲು ಶುರುವಾದರೆ ಅಪಾಯ. ನಾಲ್ಕು ವರ್ಷದ ಹಿಂದೆ ಅತ್ತೆಯ ಅಟ್ಟದಲ್ಲಿ ಒಂದು ಬಾಟಲಿ ನಡುರಾತ್ರಿ ಒಡೆದದ್ದು ಅದರಿಂದಲೇ. ಇನ್ನು ಹಿಟ್ಟಿನ ವಾಸನೆ ತಳದಲ್ಲಿ ಕೂತ ಸತ್ತ ಯೀಸ್ಟಿನದು. ಬಟ್ಟೆಯಲ್ಲಿ ಒಮ್ಮೆ ಸೋಸಿದರೆ ಸಾಲದು, ಎರಡು ವಾರ ಅಲುಗಾಡಿಸದೆ ಇಟ್ಟು ತಿಳಿಯನ್ನು ಮಾತ್ರ ರಬ್ಬರ್ ನಳಿಗೆಯಲ್ಲಿ ಇನ್ನೊಂದು ಭರಣಿಗೆ ಇಳಿಸಬೇಕು.

ಊಟಕ್ಕೆ ಅಮ್ಮ ಕರೆದಾಗ ಪ್ರತಿ ಬಾಟಲಿಯಲ್ಲೂ ಅರ್ಧ ಉಳಿದಿತ್ತು. ಪಂದಿಕರಿಯ ಜೊತೆ ಕೆಂಪು ವೈನ್ ಕುಡಿದ ಮಂಗಳೂರಿನವನು ತಟ್ಟನೆ ಗ್ಲಾಸು ಕೆಳಗಿಟ್ಟ. ಖಾರದ ಮೇಲೆ ಚೊಗರು ಬಿದ್ದರೆ ಎರಡೂ ಒಂದಕ್ಕೊಂದು ಕೆರಳುತ್ತವೆ, ಬಾಯಿ ಉರಿಯುತ್ತದೆ. ಕಾಬಿನೆಟ್ ಅದೇ ತಟ್ಟೆಯ ಜೊತೆ ಎಷ್ಟು ಚೆನ್ನಾಗಿ ಕೂತಿತೆಂದರೆ, ವೈನ್ ಮುಟ್ಟದ ಅಮ್ಮನೂ ಒಂದು ಗುಟುಕು ಕೇಳಿದಳು. ಅದರ ಸ್ವಲ್ಪ ಸಿಹಿ ಕರಿಮೆಣಸಿನ ಖಾರವನ್ನು ತಣಿಸಿತು, ಅದರ ಹುಳಿ ಕಾಚಂಪುಳಿಯ ಜೊತೆ ಕೈ ಸೇರಿಸಿ ಕೊಬ್ಬನ್ನು ಕತ್ತರಿಸಿತು. ಪಂದಿಕರಿಯ ಪಕ್ಕ ಕೆಂಪನ್ನೇ ಇಡುವವರು ಒಮ್ಮೆ ಇದನ್ನು ಮಾಡಿ ನೋಡಬೇಕು.

ಗೆಳೆಯರು ವಾಪಸು ಹೋಗುವಾಗ ಅದೇ ಸ್ವೆಟರುಗಳಲ್ಲಿ ಅತ್ತೆಯ ಕಾಚಂಪುಳಿ ಬಾಟಲಿಗಳು ಸುತ್ತಿಕೊಂಡು ಹೋದವು. ಒಂದು ಆ ಮೊಸೆಲ್ ತಾಯಿಗೆ. ಫೆಬ್ರವರಿಯಲ್ಲಿ ಆಕೆಯ ಕಾರ್ಡು ಬಂತು: ಹಂದಿಮಾಂಸಕ್ಕೆ ಹಾಕಿದೆ, ಇನ್ನೊಂದು ಬಾಟಲಿ ಸಿಗುತ್ತದೆಯೇ?

ಈಗ ಮತ್ತೆ ಅಕ್ಟೋಬರ್. ಕಾವೇರಿ ಸಂಕ್ರಮಣಕ್ಕೆ ಮೊದಲು ಬೇಲಿಯ ಹಣ್ಣು ಒಟ್ಟಾಗಿ ಬಂತು. ಈ ಸಲ ಅತ್ತೆ ಕಿಲೋ ತಿರುಳಿಗೆ ಆರುನೂರು ಗ್ರಾಂ ಸಕ್ಕರೆ ಹಾಕಿದ್ದಾರೆ. ತಕ್ಕಡಿಯಲ್ಲಿ ತೂಗಿದ ಮೇಲೂ ಒಂದು ಹಿಡಿ ಹೆಚ್ಚು ಹಾಕಲು ಅವರ ಕೈ ಹೋಯಿತು. ಅರ್ಧದಲ್ಲಿ ತಡೆದು, ಆ ಹಿಡಿಯನ್ನು ಡಬ್ಬಕ್ಕೆ ವಾಪಸು ಸುರಿದರು. ನಿನ್ನೆಗೆ ಹದಿನಾಲ್ಕು ದಿನ. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಮರದ ಸೌಟಿನಿಂದ ಕದಡಿ, ನನ್ನ ಕೈ ಹಿಡಿದೆಳೆದು ಹೆಬ್ಬೆರಳ ಬುಡಕ್ಕೆ ಎರಡು ತೊಟ್ಟು ಹಾಕಿದರು. ಇನ್ನೂ ಮಸುಕು, ಇನ್ನೂ ನೊರೆ. ನಾಲಿಗೆಗೆ ಮುಟ್ಟಿಸಿ ತಲೆ ಬಗ್ಗಿಸಿ ಕಾದೆ. ಕೆನ್ನೆಯೊಳಗೆ ಎರಡೂ ಕಡೆ ಜೊಲ್ಲು ಒಸರಿತು, ನಿಲ್ಲಲಿಲ್ಲ. ಅತ್ತೆ ನನ್ನ ಮುಖ ನೋಡಿ ಬಟ್ಟೆ ಮತ್ತೆ ಕಟ್ಟತೊಡಗಿದರು. “ಸಂಕ್ರಾಂತಿಗೆ ಬರ್ತಾರಲ್ಲ ಅವರು? ಆರು ಬಾಟಲಿ ಎತ್ತಿಡ್ತೇನೆ” ಅಂದರು.